ನಾಲ್ಕು ಫೂಟಿನ ಬೋಳ

ನಾನು ಎಳೆದ ಸುಣ್ಣದ ಗೆರೆಯನ್ನು ಚಪ್ಪಲಿ ಕಾಲಿನಿಂದ ಒರೆಸಿ ಹಾಕಿದವನನ್ನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ. ದೊಡ್ಡ ಮನಸ್ಸು ಮಾಡಪ್ಪಾ ಎಂದವರು ಬಹಳ ಜನ ಸಿಕ್ಕರು. ಅವರ ಯಾರ ಗೆರೆಯನ್ನೂ ಯಾರೂ ಒರೆಸಿರಲಿಲ್ಲ.

ನಾನು ಗೌಂಡಿ. ಮರಾಠಿ ರಾಜ್ಯಕ್ಕೆ ಸೇರಿದ ಗಡಿಯ ಕನ್ನಡ ಊರುಗಳಾದ ಕರಜಗಿ, ಬಾಲಗಾಂವ, ವಳಸಂಗದ ಸುತ್ತ ಮಂದಿಯ ಮನೆ ಕಟ್ಟುತ್ತ, ಕಟ್ಟುವ ಮನೆಯ ಮುಂದೆ ಪತ್ರಾಸಿನ ತಗಡಿನ ಶೆಡ್ಡು ಹೊಡೆದು ಅದರಲ್ಲೇ ಸಂಸಾರ ಮಾಡಿದವನು. ನನ್ನ ಹೆಂಡತಿ ನನ್ನ ಜೊತೆಗೇ ಸಿಮೆಂಟು ಕಲಸಿದವಳು, ಬುಟ್ಟಿ ಹೊತ್ತವಳು. ಬೇರೆ ಹೆಣ್ಣುಮಕ್ಕಳ ಅಡುಗೆಕಟ್ಟೆಗೆ ಕಲ್ಲು ಕೂರಿಸುವಾಗ ಎತ್ತರ ಎಷ್ಟಿರಬೇಕು ಎಂದು ಅವಳೇ ನಿಂತು ಹೇಳುತ್ತಿದ್ದಳು. ತಾನು ಮಾತ್ರ ಬಯಲಲ್ಲಿ ಮೂರು ಕಲ್ಲಿಟ್ಟು, ಗಾಳಿಗೆ ಬೆನ್ನು ಕೊಟ್ಟು ರೊಟ್ಟಿ ಬಡಿಯುತ್ತಿದ್ದಳು. ಅಜ್ಜನ, ನಮ್ಮ ಮಾತಿನಲ್ಲಿ ಮುತ್ಯಾನ, ಕಾಲದ ಮನೆ ಬಿದ್ದು ಹಾಳಾಗಿದ್ದ ಜಾಗದಲ್ಲಿ ನಮ್ಮದೊಂದು ಮನೆ ಎಬ್ಬಿಸೋಣ ಎಂದಾಗ ಅವಳು ಕೇಳಿದ್ದು ಒಂದೇ ಮಾತು.

“ನಂಗೊಂದು ಅಡಗಿಮನಿ ಬೇಕ್ರಿ. ಬಾಗಲಾ ಹಾಕ್ಕೊಂಡು ಒಳಗ ಕುಂತು ರೊಟ್ಟಿ ಬಡಿಯುವಂಥಾದ್ದು. ಮತ್ತೇನೂ ಬ್ಯಾಡ.”

ಆ ಒಂದು ಅಡುಗೆಮನೆಗಾಗಿ ನಡೆದ ಗುದ್ದಾಟ ಇದು.

ಜಾಗ ಓಣಿಗೆ ಮುಖಮಾಡಿ ಇಪ್ಪತ್ತು ಫೂಟು ಅಗಲ. ಪಡಸಾಲೆಗೆ ಹತ್ತು ಫೂಟು, ಮೂರು ಗೋಡೆಗಳ ದಪ್ಪಕ್ಕೆ ಎರಡೂ ಕಾಲು, ದಕ್ಷಿಣಕ್ಕೆ ಉಳಿಯುವ ಏಳೂ ಮುಕ್ಕಾಲು ಫೂಟಿನಲ್ಲಿ ಅಡುಗೆಮನೆ. ಬೇಸಿಗೆಯ ಒಂದು ಮುಂಜಾನೆ ಇಬ್ಬರು ಆಳುಗಳನ್ನು ಕರೆದುಕೊಂಡು ಮೂಲೆಗಳಿಗೆ ಗೂಟ ಹೊಡೆದೆ. ಮೂರು, ನಾಲ್ಕು, ಐದು ಫೂಟಿನ ಲೆಕ್ಕ ಹಿಡಿದು ಮೂಲೆ ಕಾಟಕೋನ, ಅಂದರೆ ಲಂಬಕೋನ, ಮಾಡಿ, ದಾರ ಬಿಗಿದು, ದಾರದ ಗುಂಟ ಸುಣ್ಣ ಬಿಟ್ಟೆ. ಹೆಂಡತಿ ಗೆರೆಯ ಒಳಗೆ ಹೋಗಿ, ಒಲೆ ಎಲ್ಲಿ ಬರುತ್ತದೋ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನೋಡಿದಳು. ಆಳುಗಳು ನಕ್ಕರು. ನಾನೂ ನಕ್ಕೆ.

ಆಗ ದಕ್ಷಿಣಕ್ಕಿರುವ ಬಾಜೂಮನೆಯ ಪಕ್ಕದ ಬಾಗಿಲು ತೆರೆದು ಆ ಮನೆಯ ಯಜಮಾನ ಹೊರಗೆ ಬಂದ. ಅವನದು ಕಿರಾಣಿ ಅಂಗಡಿ. ಇಡೀ ಓಣಿಯ ಚಹಾಪುಡಿ, ಸಕ್ಕರೆ ಅವನಲ್ಲಿಂದಲೇ ಬರಬೇಕು. ನಾವು ಊರೂರು ತಿರುಗುತ್ತಿದ್ದಾಗ ಅವನು ನಮ್ಮ ಜಾಗದ ಕಡೆಗೆ ಒಂದು ಬಾಗಿಲು ತೆಗೆದಿದ್ದ, ಹಿಂದುಗಡೆ ಒಂದು ಬಚ್ಚಲು ಕಟ್ಟಿ ಅದರ ನೀರಿನ ಪೈಪನ್ನೂ ನಮ್ಮ ಜಾಗಕ್ಕೇ ಬಿಟ್ಟಿದ್ದ.

“ಏ ಗೌಂಡಿ, ಗೆರಿ ಎಲ್ಲೀತನಾ ಬಂದೈತಿ ಕಣ್ಣಿಗಿ ಕಾಣ್ತೈತೇನು? ಇದು ಬೋಳ ಐತಿ. ನಾಕು ಫೂಟು ಬಿಟ್ಟು ಕಟ್ಟು.”

“ಸಾವಕಾರ್ರ, ಇದು ನಮ್ಮ ಮುತ್ಯಾನ ಜಾಗಾರಿ. ಬಾಗಲಾ ನೀವು ಮೊನ್ನಿ ಮೊನ್ನಿ ತೆಗದೀರಿ.”

“ಕಾಗದಾ ತಗದು ಓದ್ಕೋ ಹೋಗು,” ಎಂದವನೇ ನಡೆದು ಬಂದು ದಕ್ಷಿಣದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕಾಲಿನಿಂದ ಒರೆಸಿದ. ಹೆಂಡತಿ ಇನ್ನೂ ಒಳಗೆ ಕೂತೇ ಇದ್ದಳು. ಅವಳ ಸೀರೆಯ ಮೇಲೆ ಸುಣ್ಣ ಸಿಡಿಯಿತು. ನನ್ನ ಕೈಯಲ್ಲಿ ಕೊಡತಿ ಇತ್ತು. ಆಳುಗಳಿಬ್ಬರೂ ಬಂದು ನನ್ನ ರಟ್ಟೆ ಹಿಡಿದರು. ಹಿಡಿಯದಿದ್ದರೆ ಈ ಕಥೆಯನ್ನು ನಾನು ಬೇರೆ ಜಾಗದಲ್ಲಿ ಕೂತು ಹೇಳಬೇಕಾಗುತ್ತಿತ್ತು.

ಕಾಗದ ತೆಗೆದು ಓದಿದೆ. ಗ್ರಾಮ ಪಂಚಾಯತಿಯ ಆಸ್ತಿ ಉತಾರೆ, ಮರಾಠಿಯಲ್ಲಿ. ಚಕ್ಕುಬಂದಿ ಬರೆದ ಕಡೆ ದಕ್ಷಿಣಕ್ಕೆ ಎರಡೇ ಅಕ್ಷರ: ‘ಬೋಳ’. ಆ ಕಾಗದವನ್ನು ನಾನು ಎಷ್ಟೋ ಸಲ ನೋಡಿದ್ದೆ. ಚಿಕ್ಕಂದಿನಲ್ಲಿ ಅಪ್ಪ ಅಜ್ಜನ ಕಾಲದ ಕನ್ನಡ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದದ್ದು ಕಿವಿಯಲ್ಲಿ ಕೂತಿತ್ತು: “ಮೂಡಲಕ ಓಣಿ, ತೆಂಕಲಕ ನಮ್ಮದಽ ಬೋಳ ಜಾಗಾ.” ಬೋಳ ಜಾಗ ಎಂದರೆ ಏನೂ ಕಟ್ಟದೆ ಖಾಲಿ ಬಿಟ್ಟ ಜಾಗ. ಹಳೆಯ ಮನೆ ಬಿದ್ದಾಗ ಆ ಪತ್ರ ಮಣ್ಣಿನಡಿ ಹೋಯಿತು. ಅದಕ್ಕೂ ಮುಂಚೆ ಪಶ್ಚಿಮದ ಕಡೆಯಿಂದ ಬಂದ ಯಾವನೋ ಕಾರಕೂನ ಅದನ್ನು ಮರಾಠಿ ರಜಿಸ್ಟರಿಗೆ ಇಳಿಸಿಕೊಂಡಿದ್ದ. ‘ನಮ್ಮದೇ’ ಬಿಟ್ಟ, ‘ಜಾಗ’ ಬಿಟ್ಟ, ‘ಬೋಳ’ ಒಂದೇ ಬರೆದ. ಮರಾಠಿಯಲ್ಲಿ ಬೋಳ ಎಂದರೆ ಎರಡು ಮನೆಗಳ ನಡುವಿನ ಸಂದಿ, ಎಲ್ಲರೂ ಓಡಾಡುವ ದಾರಿ. ಒಂದು ಹೊತ್ತಿನ ಆಲಸ್ಯದಲ್ಲಿ ಆ ಪುಣ್ಯಾತ್ಮ ನನ್ನ ಹೆಂಡತಿಯ ಅಡುಗೆಮನೆಯನ್ನು ಊರಿಗೆ ದಾರಿ ಮಾಡಿ ಕೊಟ್ಟು ಎದ್ದುಹೋಗಿದ್ದ.

ಸಿಟ್ಟು ಅವನ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ. ನನಗೆ ಮರಾಠಿ ಬರುವುದಿಲ್ಲವೇ? ಕಲಿತದ್ದೇ ಮರಾಠಿ ಸಾಲೆಯಲ್ಲಿ. ಬಾಲಗಾಂವದಲ್ಲಿ ಯಾರದೋ ಬೋಳಕ್ಕೆ ನಾನೇ ಪರಸಿಗಲ್ಲು ಹಾಸಿದ್ದೆ. ಆದರೆ ಈ ಕಾಗದ ಕೈಗೆ ಬಂದಾಗಲೆಲ್ಲ ಕಣ್ಣು ಮರಾಠಿ ನೋಡುತ್ತಿತ್ತು, ತಲೆ ಅಪ್ಪನ ಕನ್ನಡ ಓದುತ್ತಿತ್ತು. ಎರಡೂ ಭಾಷೆ ಬರುವವನಿಗೇ ಆಗುವ ತಪ್ಪು ಇದು. ಒಂದೇ ಬರುವವನಾಗಿದ್ದರೆ ಯಾರನ್ನಾದರೂ ಕೇಳಿ ತಿಳಿದುಕೊಂಡು, ಸಮಯಕ್ಕೆ ಸರಿಪಡಿಸಿಕೊಳ್ಳುತ್ತಿದ್ದೆ.

ಮರುದಿನವೇ ಅಂಗಡಿಯವ ಪಂಚಾಯತಿಗೆ ಅರ್ಜಿ ಕೊಟ್ಟ. ಗ್ರಾಮಸೇವಕ ಬಂದ. ಹುಡುಗವಯಸ್ಸು, ಹೊಸದಾಗಿ ಬದಲಿಯಾಗಿ ಬಂದವ, ಕನ್ನಡ ಬಾರದು. ಉತಾರೆಯ ಮೇಲೆ ಬೆರಳಿಟ್ಟು, “ಇಥೆ ಬೋಳ ಲಿಹಿಲೆಲಾ ಆಹೆ ನಾ? ಮಗ?” ಎಂದ. ಬೋಳ ಅಂತ ಬರೆದಿದೆಯಲ್ಲ, ಮತ್ತೇನು, ಎಂಬ ಮಾತು. ನಾನು ಕನ್ನಡದ ಬೋಳ ಎಂದರೇನು ಎಂದು ಅವನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಅವನಿಗೆ ತಿಳಿಯಿತು ಕೂಡ. ಆದರೆ ತಿಳಿದದ್ದನ್ನು ಬರೆಯಲು ಬರುವುದಿಲ್ಲವಂತೆ, ಪುರಾವೆ ಬೇಕಂತೆ. ನಮ್ಮ ಓಣಿಯ ಸರ್ವೆ ಇನ್ನೂ ಆಗಿರಲಿಲ್ಲ, ನಕ್ಷೆ ಇಲ್ಲ. ಮೂರು ಕಡೆ ಪಾಯಾ ತೆಗೆಯಿರಿ, ದಕ್ಷಿಣದ ನಾಲ್ಕು ಫೂಟು ಮುಟ್ಟಬೇಡಿ, ಎಂದು ಹೇಳಿ ಮೋಟಾರ್ ಸೈಕಲ್ ಹತ್ತಿದ.

ಅಲ್ಲಿಂದ ಶುರುವಾಯಿತು ಬಾಜೂಮನೆಯವರ ಚೇಷ್ಟೆ. ನಾವು ಜರಡಿಯಲ್ಲಿ ಚಾಳಿಸಿ ಗುಡ್ಡೆ ಹಾಕಿದ ಉಸುಕಿನ ಮೇಲೆ ಒಲೆಯ ಬೂದಿ ಬಂದು ಬೀಳುತ್ತಿತ್ತು. ಬೂದಿ ಬೆರೆತ ಉಸುಕಿನ ಗಾರೆ ಹಿಡಿಯುವುದಿಲ್ಲ ಎಂದು ಗೌಂಡಿಗೆ ಗೊತ್ತು, ಬೂದಿ ಚೆಲ್ಲುವವರಿಗೂ ಗೊತ್ತಿತ್ತು. ಟ್ರಾಕ್ಟರು ಇಟ್ಟಂಗಿ ತರುವ ದಿನವೇ ಓಣಿಯ ಬಾಯಿಗೆ ಅವರ ಎಮ್ಮೆ ಬಂದು ಕಟ್ಟಿಕೊಳ್ಳುತ್ತಿತ್ತು. ನೀರಿನ ಪೈಪು ಜೋಡಿಸಿಕೊಳ್ಳಲು ಎದುರುಮನೆಯವರು ಒಪ್ಪಿದ್ದರು, ಎರಡು ದಿನಕ್ಕೆ ಒಲ್ಲೆ ಎಂದರು. ಅವರಿಗೂ ಅದೇ ಅಂಗಡಿಯ ಚಹಾಪುಡಿ. ಹೆಂಡತಿ ಎದುರಿಗೆ ಸಿಕ್ಕರೆ ಅಂಗಡಿಯವನ ಹೆಂಡತಿ ನೆಲಕ್ಕೆ ಉಗುಳಿ, “ಶೆಡ್ಡಿನ್ಯಾಗ ಇದ್ದವ್ರಿಗೆ ಓಣ್ಯಾಗ ಮನಿ ಬೇಕಂತ,” ಎನ್ನುತ್ತಿದ್ದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿದವನ ಮನೆಗೆ ಬಾಜೂಮನೆ ಇರಲಿಲ್ಲ ಎಂದು ಕಾಣುತ್ತದೆ. ಇದ್ದಿದ್ದರೆ ಮದುವೆಯ ಮಾತನ್ನು ಎತ್ತುತ್ತಲೇ ಇರಲಿಲ್ಲ.

ಊರ ಹಿರಿಯರು ಕಟ್ಟೆಗೆ ಕರೆದರು. “ಬಿಟ್ಟ ಬಿಡೋ ತಮ್ಮಾ, ನಾಕು ಫೂಟಿಗೆ ಏನ್ ರಾಜ್ಯಾ ಹೋಗ್ತೈತಿ? ಇರೂದು ಬಾಜೂದವ್ರ ಜೋಡಿನಽ,” ಎಂದರು.

ಆ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು, ಯಾಕೆಂದರೆ ಅದು ನನ್ನದೇ ಮಾತು. ಎಷ್ಟು ಮನೆ ಮಾಲೀಕರಿಗೆ ನಾನೇ ಹಾಗೆ ಹೇಳಿದ್ದೆ! ಬಿಡ್ರಿ ಸಾವಕಾರ್ರ, ಆರು ಇಂಚಿಗೆ ಯಾಕ ಜಗಳಾ, ಗ್ವಾಡಿ ಒಳಗ ತಗೊಂಡ್ರಾತು, ನಾ ಚಂದ ಮಾಡಿಕೊಡ್ತೀನಿ. ಕೆಲಸ ನಿಲ್ಲಬಾರದು ಎಂಬ ನನ್ನ ಅವಸರಕ್ಕೆ ಪರರ ಜಾಗವನ್ನು ಉದಾರವಾಗಿ ದಾನ ಮಾಡಿದ್ದೆ. ಆ ಮಾಲೀಕರಿಗೆ ಎಷ್ಟು ಸಂಕಟವಾಗಿತ್ತು ಎಂದು ಆ ಕಟ್ಟೆಯ ಮೇಲೆ ಕೂತಾಗ ಗೊತ್ತಾಯಿತು. ನಾಲ್ಕು ಫೂಟು ಬಿಟ್ಟರೆ ಅಡುಗೆಮನೆಗೆ ಉಳಿಯುವುದು ಮೂರೂ ಮುಕ್ಕಾಲು ಫೂಟು. ಅದರಲ್ಲಿ ಹೆಂಗಸು ರೊಟ್ಟಿ ಬಡಿಯಲು ಕೂತರೆ ಮೊಣಕಾಲು ಗೋಡೆಗೆ ತಾಗುತ್ತದೆ.

“ಬಿಡಾಂಗಿಲ್ರಿ,” ಎಂದು ಎದ್ದು ಬಂದೆ.

ಉಳಿದ ಮೂರು ಕಡೆಯ ಪಾಯಾ ತೆಗೆಯುತ್ತಿದ್ದೆವು. ಗುರುವಾರ ಹಿಂದಿನ ಗೋಡೆಯ ಪಾಯಾ ದಕ್ಷಿಣದ ತುದಿಗೆ ಬಂತು. ನಮ್ಮೂರಿನದು ಗರಸು ನೆಲ, ಗಟ್ಟಿ ಜಲ್ಲಿಮಣ್ಣು. ಬೇಸಿಗೆಯಲ್ಲಿ ಕಬ್ಬಿಣದ ಹಾರಿಯಿಂದ ಬಡಿದರೆ ಕಿಡಿ ಏಳಬೇಕು, ಆದರೆ ಅಲ್ಲಿ ಸಲಿಕೆಗೆ ಹಸಿ ಮಣ್ಣು ಬಂತು. ಒಣ ನೆಲದಲ್ಲಿ ಹಸಿ ಕಂಡರೆ ಗೌಂಡಿ ಅದು ಎಲ್ಲಿಂದ ಬಂತೆಂದು ನೋಡದೆ ಮುಂದೆ ಹೋಗಬಾರದು. ನೀರು ಹೊಕ್ಕ ಜಾಗದಲ್ಲಿ ಇವತ್ತಲ್ಲ ನಾಳೆ ಗೋಡೆ ಕೂರುತ್ತದೆ. ಹಸಿಯನ್ನು ಹಿಡಿದುಕೊಂಡು ಹೋದೆ. ಮುಟ್ಟಬೇಡ ಎಂದಿದ್ದ ನಾಲ್ಕು ಫೂಟಿನೊಳಗೆ ಒಂದು ಮೊಳ ಹೋದಾಗ ಹಾರಿ ಧಪ್ ಎಂದಿತು. ಪೊಳ್ಳು ಸದ್ದು.

ಮಣ್ಣು ಸರಿಸಿದರೆ ದುಂಡನೆಯ ಚಪ್ಪಡಿ. ಹೆಂಡತಿ ಬುಟ್ಟಿ ಕೆಳಗಿಟ್ಟು ಬಂದಳು. “ಹಗೇವು ಐತಲ್ರೀ!” ಎಂದಳು.

ಹಗೇವು ಎಂದರೆ ಹಿಂದಿನವರು ಜೋಳ ಇಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯಂಥ ಹೊಟ್ಟೆ. ಚಪ್ಪಡಿ ತೆಗೆದ ಕೂಡಲೇ ಇಳಿಯಬಾರದು, ಕೆಟ್ಟ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಮಧ್ಯಾಹ್ನದವರೆಗೆ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆ. ದೀಪ ಆರಲಿಲ್ಲ. ಏಣಿ ಇಟ್ಟು ಇಳಿದೆ.

ಇಳಿಯುವಾಗ ಎಷ್ಟು ಖುಷಿಯಾಗಿತ್ತೆಂದರೆ ಬಾಯಿ ಬಿಟ್ಟು ಹಾಡುವುದೊಂದು ಬಾಕಿ. ಇದಕ್ಕಿಂತ ಪುರಾವೆ ಏನು ಬೇಕು? ಮರಾಠಿಯ ಬೋಳ ಎಂದರೆ ಮನೆಗಳ ಮೋರಿ ನೀರು, ಮಾಳಿಗೆಯ ನೀರು ಹರಿಯುವ ಸಂದಿ. ಅಂಥ ಜಾಗದಲ್ಲಿ ಹಗೇವು ತೋಡಿ ವರ್ಷದ ಜೋಳ ಇಡುವ ಹುಚ್ಚ ಯಾವನು? ಹಗೇವಿಗೆ ಬೇಕಾದದ್ದು ಒಣ ನೆಲ, ಮನೆಯವರ ಕಣ್ಣೆದುರಿನ ಸ್ವಂತ ಜಾಗ. ಅಜ್ಜ ಅದಕ್ಕೇ ಅದನ್ನು ಬೋಳ ಬಿಟ್ಟಿದ್ದ.

ತಳ ಮುಟ್ಟಿ ಕಂದೀಲು ಎತ್ತಿದೆ. ಖುಷಿ ಅಲ್ಲಿಗೇ ಮುಗಿಯಿತು. ಹಗೇವಿನ ಹೊಟ್ಟೆ ದಕ್ಷಿಣಕ್ಕೆ ಚಾಚಿ ಅಂಗಡಿಯವನ ಬಚ್ಚಲಿನ ಗೋಡೆಯ ಕೆಳಗೆ ಎರಡು ಫೂಟು ಹೋಗಿತ್ತು. ಅವನು ನಮ್ಮ ಜಾಗಕ್ಕೆ ಬಿಟ್ಟ ಬಚ್ಚಲ ನೀರು ಇಂಗಿ ಇಂಗಿ ಆ ಕಡೆಯ ಗರಸು ಮೆತ್ತಗಾಗಿ, ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ನಾನು ನೋಡುತ್ತಿದ್ದಾಗಲೇ ಒಂದು ಬಿತ್ತು. ಮೇಲೆ ಬಂದು ಅವನ ಗೋಡೆ ನೋಡಿದೆ. ಆರಿಂಚಿನ ಗೋಡೆ, ಪಾಯಾ ಅಂತೂ ಒಂದು ಫೂಟೂ ಇಲ್ಲ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿತ್ತು. ಮೆಟ್ಟಿಲು ಬಿರುಕು ಎಂದರೆ ಗಿಲಾವು ಒಣಗಿ ಬಿಟ್ಟ ಬಿರುಕಲ್ಲ, ಬುಡ ಕುಸಿಯುತ್ತಿರುವ ಬಿರುಕು.

ಗ್ರಾಮಸೇವಕನಿಗೆ ಫೋನು ಮಾಡಿದೆ. ಅವನು ಜತದಲ್ಲಿ ಟ್ರೇನಿಂಗಿನಲ್ಲಿದ್ದ. ಫೋಟೋ ಕಳಿಸುತ್ತೇನೆ ಎಂದೆ. “ಫೋಟೋ ಚಾಲಣಾರ ನಾಹಿ. ಸೋಮವಾರಿ ಪಂಚನಾಮಾ ಕರೂ. ತೋಪರ್ಯಂತ ತಸಂಚ ಠೇವಾ,” ಎಂದ. ಫೋಟೋ ನಡೆಯುವುದಿಲ್ಲ, ಸೋಮವಾರ ಪಂಚನಾಮೆ, ಅಲ್ಲಿಯವರೆಗೆ ಇದ್ದಹಾಗೇ ಇಡಿ. ಹಾಗಾದರೆ ಊರಿನವರಾದರೂ ಬಂದು ಕಣ್ಣಾರೆ ನೋಡಲಿ ಎಂದು ಕಟ್ಟೆಯ ಹಿರಿಯರ ಮನೆಗೆ ಹೋದೆ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರು ಹೊಲಕ್ಕೆ ಹೊರಟಿದ್ದರು. ಇನ್ನೊಬ್ಬರು ಬಾಗಿಲಲ್ಲೇ ಕೈ ಮುಗಿದರು: “ನಮ್ಮನ್ಯಾಕ ನಡಕ ಎಳಿತೀಯೋ ಮಾರಾಯಾ?” ನನ್ನ ನಾಲ್ಕು ಫೂಟನ್ನು ದಾನ ಮಾಡಲು ಕಟ್ಟೆಗೆ ಬಂದಾಗ ಯಾರಿಗೂ ಮೊಣಕಾಲು ನೋವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಯವನನ್ನೇ ಕರೆದೆ. ಕರೆಯಬಾರದು ಅನ್ನಿಸಿತ್ತು, ಆದರೂ ಕರೆದೆ. ಬಂದ. ಹಗೇವಿನ ಬಾಯಿಗೆ ಬಗ್ಗಿ ನೋಡಿದ. ಕಂದೀಲು ಇಳಿಬಿಟ್ಟು ಅವನ ಗೋಡೆಯ ಬುಡ ತೋರಿಸಿದೆ. ಎಲ್ಲವನ್ನೂ ನೋಡಿದ, ಅದನ್ನು ನಾನು ದೇವರ ಮುಂದೆ ನಿಂತು ಹೇಳಬಲ್ಲೆ.

“ಸಾವಕಾರ್ರ, ಸೋಮವಾರತನಾ ಬಚ್ಚಲಕ್ಕ ಒಂದು ಹನಿ ನೀರು ಹಾಕಬ್ಯಾಡ್ರಿ. ಯಾರೂ ಒಳಗ ಹೋಗಬ್ಯಾಡ್ರಿ. ಗ್ವಾಡಿ ಬೀಳ್ತೈತಿ.”

ಅವನು ಎದ್ದು ನಿಂತು ಧೋತರದ ಮಣ್ಣು ಝಾಡಿಸಿದ. “ಹೆದರಸಾಕ ಬಂದಿಯೇನು? ನಾಳಿ ಬಚ್ಚಲಾ ತಗೀ ಅಂತಿ, ನಾಡದ ಮನೀನ ತಗೀ ಅಂತಿ. ನನಗ ಗೌಂಡಿಕಿ ಕಲಸಬ್ಯಾಡ.”

“ಲೇ, ನಿಮ್ಮವ್ವ ಜಳಕಾ ಮಾಡೂ ಜಾಗಾಲೇ ಅದು!” ನನ್ನ ರೀ-ಗೀ ಎಲ್ಲ ಹಾರಿಹೋಗಿತ್ತು. ಅವನು ತಿರುಗಿ ನೋಡದೆ ಅಂಗಡಿಗೆ ಹೋದ.

ಅವನ ತಾಯಿಗೆ ಎಂಬತ್ತು ದಾಟಿದೆ. ಓಣಿಯವರೆಲ್ಲ ಆಯಿ ಎನ್ನುತ್ತೇವೆ. ಕಣ್ಣು ಮಂದ, ಗೋಡೆ ಹಿಡಿದು ಹಿಡಿದು ಬಚ್ಚಲಿಗೆ ಹೋಗುತ್ತಾಳೆ, ಒಳಗೆ ಕಲ್ಲಿನ ಮೇಲೆ ಕೂತು ತಾಸುಗಟ್ಟಲೆ ಸ್ನಾನ ಮಾಡುತ್ತಾಳೆ. ಹಿಡಿಯುವ ಗೋಡೆ ಅದೇ ಗೋಡೆ.

ಬಿರುಕಿನ ಮೇಲೆ ಅಡ್ಡಲಾಗಿ ಮೂರು ಕಡೆ ತೆಳ್ಳಗೆ ಸಿಮೆಂಟಿನ ಬೊಟ್ಟು ಇಟ್ಟೆ. ಗೋಡೆ ಸುಮ್ಮನಿದ್ದರೆ ಬೊಟ್ಟು ಹಾಗೇ ಇರುತ್ತದೆ, ಸರಿದರೆ ಬೊಟ್ಟು ಸೀಳುತ್ತದೆ. ಹಗೇವನ್ನು ತೆರೆದೇ ಇಟ್ಟು ಗೋಡೆಗೆ ಬಲ್ಲಿ, ಅಂದರೆ ಮರದ ಕಂಬ, ಆನಿಕೆ ಕೊಟ್ಟರೆ ಸೋಮವಾರದವರೆಗೆ ತಳ್ಳಬಹುದೇ ಎಂದು ಎಲ್ಲ ರೀತಿಯಿಂದ ವಿಚಾರ ಮಾಡಿದೆ. ಬಲ್ಲಿ ಗೋಡೆ ವಾಲದಂತೆ ಹಿಡಿಯುತ್ತದೆ, ಬುಡದ ಮಣ್ಣು ಜಾರಿದರೆ ಅದು ಏನು ಮಾಡೀತು? ಗೋಡೆ ಉಳಿಯಬೇಕಾದರೆ ಹಗೇವನ್ನೇ ಕಲ್ಲು ತುಂಬಿ ಮುಚ್ಚಬೇಕು, ಮುಚ್ಚಿದರೆ ಪುರಾವೆ ಹೋಯಿತು. ಶನಿವಾರ ಬೆಳಿಗ್ಗೆ ನೋಡಿದರೆ ಮೂರು ಬೊಟ್ಟಿನಲ್ಲಿ ಎರಡು ಸೀಳಿದ್ದವು. ಒಳಗೆ ಆಯಿ ತಂಬಿಗೆಯಿಂದ ನೀರು ಹಾಕಿಕೊಳ್ಳುವ ಸದ್ದು ಬರುತ್ತಿತ್ತು, ಕೆಳಗೆ ಹಗೇವಿನೊಳಗೆ ಮಣ್ಣಿನ ಹೆಂಟೆ ಬೀಳುವ ಸದ್ದು.

ನಾನು ಕಟ್ಟಿದ ಗೋಡೆಯಲ್ಲ ಅದು. ನನ್ನ ತಪ್ಪೂ ಅಲ್ಲ. ಎರಡು ದಿನ ಸುಮ್ಮನೆ ಕೂತರೆ ಪಂಚನಾಮೆ, ಪಂಚನಾಮೆಯಾದರೆ ಅಡುಗೆಮನೆ. ಬೀಳಲಿ, ಅವನ ಪಾಪದ ನೀರಿನಲ್ಲೇ ಅವನ ಗೋಡೆ ಬೀಳಲಿ ಅಂತಲೂ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಚಹಾ ಕುಡಿಯುವಷ್ಟು ಹೊತ್ತು ಪೂರ್ತಿ ಹಾಗೇ ಅಂದುಕೊಂಡು ಕೂತಿದ್ದೆ. ಹೆಂಡತಿ ಎದುರಿಗೆ ಬಂದು ನಿಂತಳು.

“ಏನು ಮಾಡಾವ್ರದೀರಿ?”

“ಮುಚ್ಚಿದ್ರ ನಿನ್ನ ಅಡಗಿಮನಿ ಹೋಗ್ತೈತಿ.”

“ಅದು ನನಗೂ ಗೊತ್ತೈತಿ. ಏನು ಮಾಡಾವ್ರದೀರಿ ಅಂತ ಕೇಳಾಕತ್ತೀನಿ.”

“ಪಾಯಾಕ್ಕ ತಂದ ಖಾಂಡಕಿ ಕಲ್ಲು ಎಷ್ಟಾವು?” ಎಂದೆ.

ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, ಕಾಲು ಅಪ್ಪಳಿಸುತ್ತ ಹೋಗಿ ಬುಟ್ಟಿ ತಂದಳು.

ಮೊದಲು ಅವನ ಬಚ್ಚಲಿನ ಪೈಪಿಗೆ ಗೋಣಿತಟ್ಟು ತುರುಕಿದೆ. ಆಳು ಬಾಗಿಲಿಗೆ ಹೋಗಿ ಆಯಿಯನ್ನು ಹೊರಗೆ ಕರೆದ. ಗೋಡೆಗೆ ಕೈ ಹಚ್ಚದೆ ಬಾ ಎಂದು ಕೈಹಿಡಿದು ಕರೆತಂದು ಅವರ ಮನೆಯ ಕಟ್ಟೆಗೆ ಕೂರಿಸಿದ. ನಾಲ್ಕು ಬಲ್ಲಿ ಗೋಡೆಗೆ ಓರೆಯಾಗಿ ಆನಿಕೆ ಕೊಟ್ಟು, ಬುಡಕ್ಕೆ ಪಾಚರಿನ ಬೆಣೆ ಬಡಿದೆ. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಗೇವಿಗೆ ಇಳಿದು ತಳದ ರಾಡಿ ಎತ್ತಿಸಿದೆ. ಆಮೇಲೆ ದೊಡ್ಡ ಖಾಂಡಕಿ. ಮೇಲಿನಿಂದ ಸುರಿದರೆ ಗೋಡೆ ಅದುರುತ್ತದೆ, ಅದಕ್ಕೆ ಒಂದೊಂದೇ ಕಲ್ಲು ಇಳಿಸಿಕೊಂಡು ಕೈಯಿಂದ ಕೂರಿಸಿ ಗೋಡೆಯ ಕೆಳಗಿನ ಪೊಟರೆ ತುಂಬುತ್ತ ಬಂದೆ. ಸಂದಿಗೆ ಕಾಂಕ್ರೀಟು ನೂಕಿ ಕಬ್ಬಿಣದ ಸಳಿಯಿಂದ ತಿವಿದೆ. ಒಂದೊಂದು ಕಲ್ಲಿಗೂ ಅಂಗಡಿಯವನಿಗೊಂದು ಬೈಗುಳ. ಇಷ್ಟು ಬೈಗುಳ ಹಾಕಿ ಇಷ್ಟು ಬಂದೋಬಸ್ತಾದ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ. ಉಳಿದ ಭಾಗಕ್ಕೆ ಅರ್ಧ ಅರ್ಧ ಫೂಟು ಗರಸು ಹಾಕಿ, ನೀರು ಚಿಮುಕಿಸಿ, ದಮ್ಮಸು ಬಡಿದೆವು. ಹೊತ್ತು ಇಳಿಯುವ ಮೊದಲೇ ನೆಲ ಸಪಾಟಾಯಿತು. ಅಲ್ಲಿ ಹಗೇವು ಇತ್ತು ಎಂದು ಅಜ್ಜನೇ ಎದ್ದು ಬಂದರೂ ಹೇಳಲಾಗುತ್ತಿರಲಿಲ್ಲ.

ಅಂಗಡಿಯವ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಎಲ್ಲ ನೋಡಿದ. ಬೇಡ ಎನ್ನಲಿಲ್ಲ. ಒಂದು ತಂಬಿಗೆ ನೀರು ಕೂಡ ಕೊಡಲಿಲ್ಲ.

ಸೋಮವಾರ ಗ್ರಾಮಸೇವಕ ಬಂದ. ಹಗೇವು ಎಲ್ಲಿ ಎಂದ. ತುಂಬಿದ ನೆಲ ತೋರಿಸಿದೆ, ಫೋಟೋ ತೋರಿಸಿದೆ. ಆಳುಗಳನ್ನು ಕೇಳಿ ಎಂದರೆ, ನಿಮ್ಮ ಆಳು ನಿಮ್ಮ ಸಾಕ್ಷಿ ಆಗುವುದಿಲ್ಲ ಎಂದ. ನಾನು ಅಂಗಡಿಯವನ ಕಡೆ ತಿರುಗಿದೆ.

“ಸಾವಕಾರ್ರ, ನೀವು ಬಗ್ಗಿ ನೋಡೀರಿ. ಹೇಳ್ರಿ ಸಾಹೇಬ್ರಿಗೆ.”

ಅವನು ನನ್ನ ಮುಖ ನೋಡಲಿಲ್ಲ. ಗ್ರಾಮಸೇವಕನಿಗೆ ಮರಾಠಿಯಲ್ಲಿ ಹೇಳಿದ: ಹಗೇವು ಗಿಗೇವು ಏನೂ ಇರಲಿಲ್ಲ, ಬೋಳದ ನೆಲ ಅಗೆದಿದ್ದ, ಈಗ ಕಾಂಕ್ರೀಟು ಹಾಕಿ ಕಬಜಾ ಮಾಡಲು ನೋಡುತ್ತಿದ್ದಾನೆ. ನಾನು ತುಂಬಿದ ಕಲ್ಲಿನ ಮೇಲೆ ನಿಂತ ಗೋಡೆಗೆ ಬೆನ್ನು ಆನಿಸಿಕೊಂಡು ಹೇಳಿದ. ಬಾಗಿಲಲ್ಲಿ ಆಯಿ ನಿಂತಿದ್ದಳು. ಅವಳನ್ನೂ ಕೇಳಿ ಎಂದೆ. ಗ್ರಾಮಸೇವಕ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೂಗಿ ಹೇಳಿದೆ. ಮುದುಕಿ ಮಗನ ಮುಖ ನೋಡಿ, ನನಗೆ ಕಿವಿ ಕೇಳುವುದಿಲ್ಲ ಎಂದು ಕೈಯಾಡಿಸಿ ಒಳಗೆ ಹೋದಳು. ಕಣ್ಣು ಮಂದವೇ ಹೊರತು ಅವಳ ಕಿವಿಗೆ ಏನೂ ಆಗಿರಲಿಲ್ಲ.

ಬೋಳ ಬೋಳವೇ ಎಂದು ಬರೆದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿಗೆ ಹೋಗಿ ಎಂದರು. ಕೋರ್ಟಿಗೆ ಹೋದವರ ಅರ್ಧ ಎದ್ದ ಗೋಡೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಜಾಲಿಗಿಡ ಬೆಳೆದಿರುತ್ತದೆ. ಮರುದಿನ ಹೆಂಡತಿ ದಾರದ ಒಂದು ತುದಿ ತಾನೇ ಹಿಡಿದುಕೊಂಡು, “ಹದಿನಾರಕ್ಕಽ ಹೊಡೀರಿ ಗೂಟಾ,” ಎಂದಳು. ಅಡುಗೆಮನೆ ಇಲ್ಲದ ಮನೆ ಕಟ್ಟಿದೆವು. ಪಡಸಾಲೆಯ ಒಂದು ಮೂಲೆಗೆ ಒಲೆ ಬಂತು, ಬಾಗಿಲು ತೆರೆದರೆ ಓಣಿಗೆಲ್ಲ ಕಾಣುವಂತೆ. ಈಗ ನಾನು ಯಾರ ಮನೆಗೆ ಗೂಟ ಹೊಡೆಯಲು ಹೋದರೂ ಮೊದಲು ಉತಾರೆ ತರಿಸಿ, ಒಂದು ಸಲ ಮರಾಠಿಯಲ್ಲಿ, ಒಂದು ಸಲ ಕನ್ನಡದಲ್ಲಿ ಮಾಲೀಕರಿಗೆ ಓದಿ ಹೇಳುತ್ತೇನೆ. ಬಿಟ್ಟುಬಿಡಿ ಎಂಬ ಮಾತನ್ನು ಯಾರಿಗೂ ಹೇಳುವುದಿಲ್ಲ.

ವಾಸ್ತುಶಾಂತಿಗೆ ಓಣಿಯವರನ್ನೆಲ್ಲ ಕರೆದೆವು. ಬಾಜೂಮನೆಗೆ ನಾನು ಹೋಗಲಿಲ್ಲ, ಹೆಂಡತಿಗೂ ಹೋಗಗೊಡಲಿಲ್ಲ. ಮಂದಿ ಉಂಡು ಎದ್ದುಹೋದ ಮೇಲೆ, ಗೋಡೆ ಹಿಡಿದು ಹಿಡಿದು ಆಯಿ ಒಬ್ಬಳೇ ಬಂದಳು. ಹೊಸ್ತಿಲು ದಾಟಿ ಒಲೆಯ ಮುಂದೆ ಕೂತಳು. ಹೆಂಡತಿ ತಾಟು ಇಟ್ಟು ಹೋಳಿಗೆ ಬಡಿಸಿದಳು. ಆಯಿ ಒಂದು ತುತ್ತು ಮುರಿದು ನನ್ನ ಕಡೆ ತಿರುಗಿದಳು.

“ನಿಮ್ಮ ಮುತ್ಯಾನ ಹಗೇವಿನ ಜ್ವಾಳಾ ನಾ ತಿಂದೀನೋ ತಮ್ಮಾ. ಹೊಸದಾಗಿ ಲಗ್ನಾಗಿ ಬಂದಾಗ. ನಮ್ಮ ಮನ್ಯಾಗ ಕಾಳು ಇರಲಿಲ್ಲ. ನಿಮ್ಮ ಮುತ್ಯಾ ಹಗೇವು ತಗದು, ತಾನಽ ಹೊತ್ತು ತಂದು ನಮ್ಮ ಕಟ್ಟಿಮ್ಯಾಲ ಇಟ್ಟ.”

“ಸೋಮವಾರ ದಿನಾ ಬಾಗಲಾಗಽ ನಿಂತಿದ್ದೆಲ್ಲ ಆಯಿ! ಅವತ್ತ ನಿನ್ನ ಬಾಯಿ ಎಲ್ಲಿ ಹೋಗಿತ್ತು? ಇದಽ ಮಾತು ಅವತ್ತ ಆಡಿದ್ರ ಇಕಿಗೆ ಅಡಗಿಮನಿ ಬರತಿತ್ತು!”

ನನ್ನ ದನಿ ಓಣಿಗೆಲ್ಲ ಕೇಳಿರಬೇಕು. ಆಯಿ ಅಲುಗಲಿಲ್ಲ.

“ನನ್ನ ತಾಟು ಅವನ ಮನ್ಯಾಗ ಐತಲ್ಲೋ ತಮ್ಮಾ,” ಎಂದಳು.

ಹೆಂಡತಿ ನನ್ನನ್ನು ಒಮ್ಮೆ ನೋಡಿದಳು, ಮುದುಕಿಯ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ಮೇಲೆ ತುಪ್ಪ ಬಿಟ್ಟಳು. “ಸಾವಕಾಶ ಉಣ್ಣು ಆಯಿ,” ಎಂದಳು. ಬಾಜೂಮನೆಯಿಂದ ಮಗ “ಅವ್ವಾ, ಎಲ್ಲದಿಯಬೇ?” ಎಂದು ಕೂಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ. ಆಯಿ ತಾಟಿನಿಂದ ತಲೆ ಎತ್ತದೆ, ಎರಡನೆಯ ಹೋಳಿಗೆಯನ್ನೂ ಪೂರ್ತಿ ಉಂಡಳು.